ನವಣೆಯ ಹೊಟ್ಟು ಬಿಡಿಸುವ ಯಂತ್ರ ಹಳ್ಳಿ ಗಿರಣಿಯ ಅಳತೆಗೆ ಬರಲಿ

ಸಂಪಾದಕರಿಗೆ ನಮಸ್ಕಾರ.

ಸಿರಿಧಾನ್ಯ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು, ನಾರಿನಂಶ ಹೆಚ್ಚು, ಮಳೆ ಕೈಕೊಟ್ಟರೂ ಬೆಳೆ ಕೈಗೆ ಬರುತ್ತದೆ ಎಂದು ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲೂ ಓದುತ್ತಲೇ ಇದ್ದೇವೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿದಾಗ ಇಂಥ ಬರಹಗಳ ಸುಗ್ಗಿಯೇ ನಡೆಯಿತು. ಅಡುಗೆಯ ವಿಧಾನ ಬಂತು, ವೈದ್ಯರ ಸಲಹೆ ಬಂತು, ಮೇಳಗಳ ಫೋಟೊ ಬಂತು. ಹೊಲದಿಂದ ಬಂದ ನವಣೆಯ ಮೈಮೇಲಿನ ಹೊಟ್ಟನ್ನು ಯಾರು, ಎಲ್ಲಿ, ಯಾವ ಯಂತ್ರದಲ್ಲಿ ಬಿಡಿಸುತ್ತಾರೆ ಎಂಬ ಒಂದು ಸಾಲು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿ ಹಾಕಿ, ಆದರೆ ಮೋಟರಿನ ವಿಷಯ ಮತ್ತು ಸಬ್ಸಿಡಿಯ ವಿಷಯ ಬಿಡಬೇಡಿ.

ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಮಾವನವರು ಹಾಕಿದ ಗಿರಣಿ. ಆಗ ನಮ್ಮ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು. ಗಿರಣಿಯ ಬೋರ್ಡಿನ ಮೇಲೆ ಈಗಲೂ ಚಿತ್ರದುರ್ಗ ಜಿಲ್ಲೆ ಅಂತಲೇ ಇದೆ, ಬಣ್ಣ ಹೊಡೆಸಿಲ್ಲ. ರಾಗಿ, ಜೋಳ, ಗೋಧಿಗೆ ಒಂದು ಕಲ್ಲು, ಮೆಣಸಿನಕಾಯಿಗೆ ಒಂದು ಪುಲ್ವರೈಸರ್. ಕಲ್ಲು ನುಣುಪಾದಾಗ ಬಿಚ್ಚಿ, ಉಳಿ ಹಿಡಿದು ಕಚ್ಚು ಹಾಕುವುದು ನಾನೇ. ಯಜಮಾನರಿಗೆ ಹೊಲದ ಕೆಲಸ.

ರಾಗಿ ಬೀಸುವುದು ಯಾರಿಗೂ ತಲೆನೋವಲ್ಲ. ರಾಗಿಗೆ ಬಿಡಿಸಬೇಕಾದ ಗಟ್ಟಿ ಹೊಟ್ಟಿಲ್ಲ, ತೂರಿ ಕೇರಿ ತಂದರೆ ನೇರ ಕಲ್ಲಿಗೆ ಸುರಿಯಬಹುದು. ನವಣೆ, ಸಾಮೆ, ಬರಗು, ಊದಲು, ಹಾರಕ, ಕೊರಲೆ ಹಾಗಲ್ಲ. ಭತ್ತದ ಹಾಗೆ ಇವಕ್ಕೂ ಸಿಪ್ಪೆ ಇದೆ. ಅದನ್ನು ಬಿಡಿಸಿ ಅಕ್ಕಿ ಮಾಡಿದ ಮೇಲೇ ಅನ್ನ, ರೊಟ್ಟಿ, ಉಂಡೆ. ನಮ್ಮ ಅತ್ತೆಯವರ ಕಾಲಕ್ಕೆ ಒರಳು ಒನಕೆ ಇದ್ದವು, ಮಣ್ಣು ಮೆತ್ತಿದ ಬೀಸುಕಲ್ಲು ಇತ್ತು. ಬೆಳಗಿನ ಜಾವ ಎದ್ದು ಇಬ್ಬರು ಹೆಂಗಸರು ಕುಟ್ಟಿ, ಕೇರಿ, ಮತ್ತೆ ಕುಟ್ಟಿದರೆ ಮನೆಮಂದಿಗೆ ಒಂದು ಹೊತ್ತಿನ ಅನ್ನಕ್ಕಾಗುತ್ತಿತ್ತು. ಆ ಕೆಲಸಕ್ಕೆ ಯಾವ ಸೊಸೆಯೂ ಇನ್ನು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ನಮ್ಮ ಕಡೆ ನವಣೆ ಯಾಕೆ ಕಡಿಮೆಯಾಯಿತು ಎಂದರೆ ಎಲ್ಲರೂ ಮೆಕ್ಕೆಜೋಳದ ಕಡೆ ಬೆರಳು ತೋರಿಸುತ್ತಾರೆ. ಮೆಕ್ಕೆಜೋಳ ದುಡ್ಡು ಕೊಡುತ್ತದೆ, ನಿಜ. ಅದರ ಜೊತೆಗೆ ಇನ್ನೊಂದಿದೆ. ಮೆಕ್ಕೆಜೋಳವನ್ನು ಒಕ್ಕಣೆ ಯಂತ್ರಕ್ಕೆ ಹಾಕಿ, ಒಣಗಿಸಿ, ಚೀಲ ತುಂಬಿದರೆ ದಾವಣಗೆರೆ ಎಪಿಎಂಸಿಗೆ ಲಾರಿ ಹೊರಡುತ್ತದೆ. ಬೆಳೆದವನಿಗೆ ಮುಂದಿನ ಯಾವ ಚಿಂತೆಯೂ ಇಲ್ಲ. ನವಣೆ ಬೆಳೆದವನು ಚೀಲವನ್ನು ಅಟ್ಟದ ಮೇಲಿಟ್ಟು, ಹೊಟ್ಟು ಬಿಡಿಸುವ ಜಾಗ ಹುಡುಕಿಕೊಂಡು ತಿರುಗಬೇಕು. ನನ್ನ ಗಿರಣಿಗೆ ಇಂಥ ಯಂತ್ರ ಬರುವ ಮುಂಚೆ ನಮ್ಮೂರಿನವರು ಸಾಮೆಗೆ ಹೆಸರಾದ ಹೊಸದುರ್ಗದ ತನಕ ಚೀಲ ಹೊತ್ತೊಯ್ದದ್ದನ್ನು ನೋಡಿದ್ದೇನೆ. ಬಸ್ ಚಾರ್ಜು, ಲಗೇಜು, ಒಂದು ದಿನದ ಕೂಲಿ ಸೇರಿಸಿದರೆ ಅಂಗಡಿಯ ಪ್ಯಾಕೆಟ್ ನವಣೆ ಅಕ್ಕಿಯೇ ಅಗ್ಗ ಅನಿಸುತ್ತದೆ. ಹೀಗೆ ಬೆಳೆದವನ ಮನೆಯಲ್ಲೇ ನವಣೆ ಅನ್ನ ನಿಂತುಹೋಯಿತು. ಹೊಟ್ಟು ಬಿಡಿಸುವ ಯಂತ್ರ ಊರಲ್ಲಿ ಇಲ್ಲದ್ದಕ್ಕೇ ಹೊಲದಿಂದ ಒಂದು ಬೆಳೆ ಎದ್ದು ಹೋಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ರೈತಸಿರಿ ಯೋಜನೆಯಲ್ಲಿ ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟರು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ದಾವಣಗೆರೆಗೆ ಸಿರಿಧಾನ್ಯವನ್ನೇ ಆರಿಸಿದರು. ಕಿರು ಆಹಾರ ಉದ್ದಿಮೆಗಳಿಗೆ ಅಂತ 2020ರಲ್ಲಿ ಬಂದ ಪ್ರಧಾನಮಂತ್ರಿ ಯೋಜನೆಯಲ್ಲಿ ಕೇಂದ್ರದ್ದು ಶೇ 35, ನಮ್ಮ ರಾಜ್ಯದ್ದು ಶೇ 15, ಒಟ್ಟು ಅರ್ಧಕ್ಕರ್ಧ ಸಬ್ಸಿಡಿ ಇದೆ, 15 ಲಕ್ಷದವರೆಗೆ. ಕಾಗದದ ಮೇಲೆ ಇದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ತೊಡಕಿರುವುದು ಆ ದುಡ್ಡಿಗೆ ಸಿಗುವ ಯಂತ್ರದಲ್ಲಿ.

ಒಂದು ಮಾತು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಂತ್ರ ಮಾಡುವವರಿಗೆ ಇದು ಹೊಳೆದೇ ಇಲ್ಲ ಅನಿಸುತ್ತದೆ. ಹಳ್ಳಿ ಗಿರಣಿಗೆ ಬರುವ ಗಿರಾಕಿ ಹದಿನೈದು ಕೆಜಿ, ಇಪ್ಪತ್ತು ಕೆಜಿ ತರುತ್ತಾನೆ. ತನ್ನ ಹೊಲದ ಕಾಳೇ ತನಗೆ ವಾಪಸ್ ಬರಬೇಕು. "ಅಕ್ಕಾ, ನಮ್ದು ಗೊಬ್ಬರ ಹಾಕದ್ದು, ಬೇರೇರದ್ದು ಬೆರೆಸಬ್ಯಾಡ್ರಿ" ಅಂತ ಯಂತ್ರದ ಪಕ್ಕದಲ್ಲೇ ನಿಂತಿರುತ್ತಾರೆ. ಒಬ್ಬರು ಹಳದಿ ನವಣೆ ತಂದರೆ ಮುಂದಿನವರು ಕೆಂಪು ನವಣೆ, ಅವರ ಹಿಂದೆ ಸಾಮೆ. ಕಂಪನಿಯವರು ತೋರಿಸುವ ದೊಡ್ಡ ಯಂತ್ರದಲ್ಲಿ ಎಲಿವೇಟರ್, ಪೈಪು, ಜರಡಿಗಳ ಸಂದುಗಳಲ್ಲಿ ನಿಂತುಕೊಳ್ಳುವ ಕಾಳೇ ಕೆಜಿಗಟ್ಟಲೆ. ಇಪ್ಪತ್ತು ಕೆಜಿ ಸುರಿದವನಿಗೆ ಅವನ ಅಕ್ಕಿ ಪೂರ್ತಿ ಹೊರಗೆ ಬರುವುದೇ ಇಲ್ಲ, ಮುಂದಿನ ಗಿರಾಕಿಯ ಪಾಲಾಗುತ್ತದೆ. ಗಂಟೆಗೆ ಹತ್ತು ಕ್ವಿಂಟಲ್ ಎಂಬ ಲೆಕ್ಕ ಪಟ್ಟಣಗಳಿಗೆ ಪ್ಯಾಕೆಟ್ ಕಳಿಸುವ ಕಾರ್ಖಾನೆಗೆ ಸರಿ. ನಮಗೆ ಬೇಕಾದದ್ದು ಗಂಟೆಗೆ ಒಂದು ಕ್ವಿಂಟಲ್ ಮಾಡಿದರೂ ಸಾಕು, ಐದು ನಿಮಿಷದಲ್ಲಿ ಬಾಯಿ ತೆಗೆದು, ಒಳಗಿನ ಕೊನೆಯ ಹಿಡಿ ಕಾಳನ್ನೂ ಬ್ರಷ್‌ನಿಂದ ಗುಡಿಸಿ ಗಿರಾಕಿಯ ಚೀಲಕ್ಕೆ ಹಾಕಲು ಬರುವಂಥದ್ದು. ಕ್ಯಾಟಲಾಗ್‌ಗಳಲ್ಲಿ ಎಲ್ಲ ಅಳತೆ ಬರೆದಿರುತ್ತಾರೆ, ಒಳಗೆ ಎಷ್ಟು ಕಾಳು ಉಳಿಯುತ್ತದೆ ಎಂದು ಯಾರೂ ಬರೆಯುವುದಿಲ್ಲ.

ಹತ್ತಿರದ ಒಂದು ಊರಿನಲ್ಲಿ ಮಹಿಳಾ ಸಂಘಕ್ಕೆ ಅಂಥದ್ದೊಂದು ದೊಡ್ಡ ಯಂತ್ರ ಬಂತು. ಉದ್ಘಾಟನೆಯೂ ಆಯಿತು. ಈಗ ಅದು ಬೀಗ ಹಾಕಿದ ಕೋಣೆಯಲ್ಲಿದೆ. ಸಂಘದ ಹೆಂಗಸರನ್ನು ಯಾರೋ ಒಬ್ಬರು "ನಡೆಸೋಕೆ ಬರಲಿಲ್ಲ" ಎಂದು ಆಡಿಕೊಂಡದ್ದು ಕಿವಿಗೆ ಬಿತ್ತು, ಸಿಟ್ಟು ಬಂತು. ಹೋಗಿ ನೋಡಿದ್ದೇನೆ. ಕಾಳು ಸುರಿಯುವ ಹಾಪರ್‌ನ ಬಾಯಿ ನನ್ನ ತಲೆಗಿಂತ ಎತ್ತರ. ಐವತ್ತು ಕೆಜಿ ಚೀಲ ಅಲ್ಲಿಗೆ ಏರಿಸಲು ಗಂಡಾಳು ಬೇಕು. ಆಳಿಗೆ ಕೂಲಿ ಕೊಡುವಷ್ಟು ಗಿರಾಕಿ ಬರುವುದಿಲ್ಲ. ಅದಕ್ಕೆ ಬೇಕಾದ ತ್ರೀ ಫೇಸ್ ಕರೆಂಟು ಹಗಲು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಮೇಲಾಗಿ ಕೈಗಾರಿಕೆಯ ಮೀಟರಿಗೆ ಎಚ್.ಪಿ. ಲೆಕ್ಕದಲ್ಲಿ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟಬೇಕು, ಯಂತ್ರ ತಿರುಗಲಿ ಬಿಡಲಿ. ಸುಗ್ಗಿ ಮುಗಿದು ಗಿರಾಕಿ ತೆಳುವಾದ ತಿಂಗಳುಗಳಲ್ಲಿ ಆ ಬಿಲ್ಲನ್ನು ಯಾರ ಕೈಯಿಂದ ಕಟ್ಟುವುದು? ಆ ಹೆಂಗಸರು ಲೆಕ್ಕ ಹಾಕಿಯೇ ಬೀಗ ಹಾಕಿದ್ದಾರೆ.

ಆದ್ದರಿಂದ ಮೊದಲ ಮಾತು ಮೋಟರು. ಊರೊಳಗಿನ ಮನೆಗಳಿಗೆ ಪಂಪ್‌ಸೆಟ್ಟಿನ ಲೈನಿನಿಂದ ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆಯ ಲೈನ್ ಬಂದ ಮೇಲೆ ಸಿಂಗಲ್ ಫೇಸ್ ಕರೆಂಟು ಬಹುಪಾಲು ಹೊತ್ತು ಇರುತ್ತದೆ. ಎರಡು ಎಚ್.ಪಿ. ಸಿಂಗಲ್ ಫೇಸ್ ಮೋಟರಿನಲ್ಲಿ ಓಡುವ ಹೊಟ್ಟು ಬಿಡಿಸುವ ಯಂತ್ರ ಆಗದ ಮಾತೇನಲ್ಲ, ನನ್ನ ಗಿರಣಿಯಲ್ಲೇ ಒಂದು ಓಡುತ್ತಿದೆ. ಹರಿಹರದ ಲೇತ್‌ನವರೊಬ್ಬರು ಮಾಡಿಕೊಟ್ಟದ್ದು. ಇದರ ಕೆಲಸ ಸರಳ. ನಡುವೆ ಒಂದು ರೆಕ್ಕೆಯ ಚಕ್ರ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುತ್ತದೆ. ಮೇಲಿನಿಂದ ಬಿದ್ದ ಕಾಳನ್ನು ಅದು ಸುತ್ತಲಿನ ಗೋಡೆಗೆ ಬೀಸಿ ಎಸೆಯುತ್ತದೆ. ಹೊಡೆತಕ್ಕೆ ಸಿಪ್ಪೆ ಸೀಳಿ ಅಕ್ಕಿ ಹೊರಗೆ ಬರುತ್ತದೆ. ಕೆಳಗೆ ಬ್ಲೋವರ್ ಹೊಟ್ಟನ್ನು ಎಳೆದುಕೊಳ್ಳುತ್ತದೆ. ಭತ್ತದ ಮಿಲ್ಲಿನ ರಬ್ಬರ್ ರೋಲರುಗಳ ನಡುವೆ ಈ ಸಣ್ಣ ದುಂಡು ಕಾಳು ಜಾರಿಹೋಗುತ್ತದೆ. ಸಾಣೆಕಲ್ಲಿನ ಯಂತ್ರದಲ್ಲಿ ಹಾಕಿದರೆ ಸಿಪ್ಪೆಯ ಜೊತೆ ತೌಡೂ ಉಜ್ಜಿ ಹೋಗಿ ಅಕ್ಕಿ ಬೆಳ್ಳಗಾಗುತ್ತದೆ. ಪೇಟೆಯವರು ಬೆಳ್ಳಗಿದ್ದರೆ ಹೆಚ್ಚು ದುಡ್ಡು ಕೊಡುತ್ತಾರೆ. ನಾರಿನಂಶಕ್ಕೆ ಅಂತ ಕೊಂಡು, ನಾರನ್ನು ದನಕ್ಕೆ ಬಿಟ್ಟ ಅಕ್ಕಿ ತಿನ್ನುತ್ತಾರೆ. ಇರಲಿ.

ಹೊಡೆತದ ಯಂತ್ರಕ್ಕೆ ಒಂದು ಗುಣವಿದೆ. ಕಾಳಿನ ತೂಕಕ್ಕೆ ತಕ್ಕಂತೆ ವೇಗ ಹೊಂದಬೇಕು. ನವಣೆ, ಬರಗು ಬೇಗ ಬಿಚ್ಚಿಕೊಳ್ಳುತ್ತವೆ. ಅದೇ ವೇಗದಲ್ಲಿ ಕೊರಲೆ, ಹಾರಕ ಹಾಕಿದರೆ ಅರ್ಧಕ್ಕರ್ಧ ಸಿಪ್ಪೆ ಸಮೇತ ವಾಪಸ್ ಬರುತ್ತವೆ. ವೇಗ ಏರಿಸಿ ನವಣೆ ಹಾಕಿದರೆ ನುಚ್ಚಾಗುತ್ತದೆ. ಕಂಪನಿಗಳು ಇದಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂರಿಸುತ್ತಾರೆ, ಗುಂಡಿ ತಿರುಗಿಸಿದರೆ ವೇಗ ಬದಲಾಗುತ್ತದೆ. ಒಳ್ಳೆಯದೇ. ಆದರೆ ನಮ್ಮ ಊರಿನ ವೋಲ್ಟೇಜಿಗೆ, ನಮ್ಮ ಗಿರಣಿಯ ಧೂಳಿಗೆ ಅದು ಎಷ್ಟು ದಿನ ಬಾಳುತ್ತದೋ ಎಂಬ ಅನುಮಾನ ನನಗಿದೆ. ಸುಟ್ಟರೆ ಬೆಂಗಳೂರಿಗೆ ಕಳಿಸಬೇಕು. ನನ್ನ ಯಂತ್ರಕ್ಕೆ ಮೆಟ್ಟಿಲು ಪುಲ್ಲಿ ಹಾಕಿಸಿದ್ದೇನೆ, ಡ್ರಿಲ್ಲಿಂಗ್ ಮೆಷಿನ್ನಿಗೆ ಇರುವಂಥದ್ದೇ. ಪಟ್ಟಾ, ಅಂದರೆ ಬೆಲ್ಟು, ಒಂದು ಮೆಟ್ಟಿಲು ಸರಿಸಿದರೆ ನವಣೆಯಿಂದ ಸಾಮೆಗೆ. ಬೇರಿಂಗ್ 6205 ನಂಬರಿನದ್ದು, ಜಗಳೂರಿನಲ್ಲಿ ಪಂಪ್‌ಸೆಟ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಕೊರಲೆ ಮಾತ್ರ ಇದರಲ್ಲೂ ಸರಿಯಾಗಿ ಆಗುವುದಿಲ್ಲ, ಎರಡು ಮೂರು ಸಲ ಹಾಯಿಸಬೇಕು.

ಪಟ್ಟಾ ಅಂದಾಗ ನೆನಪಾಯಿತು. ಗಿರಣಿಗೆ ಬರುವವರೆಲ್ಲ ಸೀರೆ ಉಟ್ಟವರು, ಸೆರಗು ಬಿಟ್ಟವರು. ಪಟ್ಟಾಕ್ಕೆ ಮುಚ್ಚಿಗೆ ಇಲ್ಲದ ಯಂತ್ರಗಳನ್ನು ಈಗಲೂ ಮಾರುತ್ತಿದ್ದಾರೆ. ಮುಚ್ಚಿಗೆ ಬೇಕು ಎಂದರೆ ಬೇರೆ ದುಡ್ಡು ಕೇಳುತ್ತಾರೆ. ಇದಕ್ಕೆ ಚರ್ಚೆಯೇ ಬೇಡ, ಮುಚ್ಚಿಗೆ ಇಲ್ಲದ ಯಂತ್ರಕ್ಕೆ ಒಂದು ಪೈಸೆ ಸಬ್ಸಿಡಿ ಕೊಡಬಾರದು. ಹಾಪರ್ ಸೊಂಟದ ಮಟ್ಟಕ್ಕಿರಬೇಕು.

ಇನ್ನು ಕಾಳಿನಲ್ಲಿ ಬೆರೆತ ಕಲ್ಲು. ಹೊಟ್ಟು ಬಿಡಿಸುವುದಕ್ಕಿಂತ ಮುಂಚಿನ ಕೆಲಸವೇ ದೊಡ್ಡದು ಎಂಬುದು ಈ ಕಸುಬಿಗೆ ಬಂದ ಮೇಲೇ ತಿಳಿಯುವುದು. ನಮ್ಮ ಕಡೆ ಕಣ ಮಾಡುವವರು ಎಲ್ಲಿದ್ದಾರೆ, ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಚಕ್ರದಲ್ಲಿ ಒಕ್ಕುತ್ತಾರೆ. ರಸ್ತೆಯ ಜಲ್ಲಿ ಪುಡಿ, ಮರಳು ಎಲ್ಲ ನವಣೆಯೊಳಗೆ. ಮರಳಿನ ಹರಳು ನವಣೆ ಕಾಳಿನಷ್ಟೇ ದಪ್ಪ ಇದ್ದರೆ ಯಾವ ಜರಡಿಯೂ ಬೇರೆ ಮಾಡುವುದಿಲ್ಲ. ಗಾಳಿಯ ಮೇಲೆ ಅಲುಗಾಡಿಸಿ ತೂಕದ ಮೇಲೆ ಬೇರೆ ಮಾಡುವ ಕಲ್ಲು ತೆಗೆಯುವ ಯಂತ್ರವೇ ಬೇಕು. ಜೊಳ್ಳು, ಎಳೆಕಾಳು, ಬಲಿತ ಕಾಳು ಒಟ್ಟಿಗೆ ಹೋದರೆ ಎಳೆಕಾಳಿಗೆ ಹೊಡೆತ ಸಾಲದು, ಸಿಪ್ಪೆ ಹಾಗೇ ಉಳಿಯುತ್ತದೆ. ಹಾಗಾಗಿ ಗಾತ್ರ ನೋಡಿ ಜರಡಿ ಹಿಡಿಯಬೇಕು. ಕಾಳು ಹಸಿಯಿದ್ದರೆ ಅದೂ ಕೆಲಸ ಕೆಡಿಸುತ್ತದೆ, ಹಲ್ಲಿಗೆ ಹಾಕಿದರೆ ಕಟಕ್ ಅನ್ನುವ ಹಾಗೆ ಒಣಗಿರಬೇಕು. ಒಟ್ಟು ಕೆಲಸದಲ್ಲಿ ಅರ್ಧ ಇದೇ. ಸಣ್ಣ ಗಿರಣಿಗೆ ಎಂದು ಮಾರುವವರು ಹೊಟ್ಟು ಬಿಡಿಸುವ ಯಂತ್ರವೊಂದನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಕಲ್ಲು ತೆಗೆಯುವ ಯಂತ್ರದ ಚಿಕ್ಕ ಅಳತೆಯದ್ದು, ನಮ್ಮ ಕೈಗೆಟಕುವ ಬೆಲೆಯದ್ದು ನನಗೆ ಇನ್ನೂ ಸಿಕ್ಕಿಲ್ಲ. ಮೊರ ಹಿಡಿದು ಕೇರುವ ಇಬ್ಬರು ಅಜ್ಜಿಯರು ಇದ್ದಾರೆ, ಅವರಿಂದ ನಡೆಯುತ್ತಿದೆ. ವಿನ್ಯಾಸ ಮಾಡುವವರು ಎಲ್ಲಿಂದ ಶುರು ಮಾಡಬೇಕು ಎಂದು ನನ್ನನ್ನು ಕೇಳಿದರೆ, ಇಲ್ಲಿಂದ ಎನ್ನುತ್ತೇನೆ.

ದೊಡ್ಡ ಮಿಲ್ಲಿನವರು ನಮ್ಮ ಕೆಲಸಕ್ಕೆ ಹೆಸರಿಡುವುದುಂಟು. ಸಣ್ಣ ಯಂತ್ರದಲ್ಲಿ ನುಚ್ಚು ಜಾಸ್ತಿ, ಅಲ್ಲೊಂದು ಇಲ್ಲೊಂದು ಸಿಪ್ಪೆ ಕಾಳು ಉಳಿಯುತ್ತದೆ ಅಂತ. ಉಳಿಯುತ್ತದೆ. ಪಟ್ಟಣದ ಪ್ಯಾಕೆಟ್ಟಿಗೆ ಅದು ನಡೆಯುವುದಿಲ್ಲ, ಒಪ್ಪುತ್ತೇನೆ. ಮನೆಗೆ ಒಯ್ಯುವವರು ಮೊರದಲ್ಲಿ ಒಮ್ಮೆ ಕೊಚ್ಚಿ ಬೇರೆ ಮಾಡಿಕೊಳ್ಳುತ್ತಾರೆ, ನುಚ್ಚನ್ನು ಉಪ್ಪಿಟ್ಟಿಗೆ ಇಟ್ಟುಕೊಳ್ಳುತ್ತಾರೆ. ಇವರಿಗೆ ಬೇರೊಂದು ಲಾಭವಿದೆ. ಸಿಪ್ಪೆ ಇರುವ ತನಕ ನವಣೆ, ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ತೆಗೆದ ಮೇಲೆ ತೌಡಿನ ಎಣ್ಣೆಯಂಶಕ್ಕೆ ಗಾಳಿ ತಾಕಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಊರಲ್ಲೇ ಯಂತ್ರ ಇದ್ದರೆ ತಿಂಗಳಿಗೆ ಬೇಕಾದಷ್ಟನ್ನೇ ಮಾಡಿಸಿಕೊಂಡು ಒಯ್ಯಬಹುದು. ಕಾರ್ಖಾನೆಯವರಿಗೆ ಈ ಅನುಕೂಲ ಇಲ್ಲ, ಅದಕ್ಕೇ ಅವರು ಪಾಲಿಶ್ ಮಾಡಿ ಬಾಳಿಕೆ ಹೆಚ್ಚಿಸುತ್ತಾರೆ.

ಈಗ ಸಬ್ಸಿಡಿಗೆ ಬರುತ್ತೇನೆ. ನನ್ನ ಹರಿಹರದ ಯಂತ್ರಕ್ಕೆ ಸಾಲ ಕೇಳಿದಾಗ, ಕಂಪನಿಯ ಕೊಟೇಶನ್ ಇಲ್ಲ, ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲ, ಕೊಡಲು ಬರುವುದಿಲ್ಲ ಎಂದರು. ಎಲ್ಲಿ, ಯಾರು ಎಂದು ಬರೆಯುವುದಿಲ್ಲ, ಅವರು ನಿಯಮ ಓದಿ ಹೇಳಿದರು. ಅದೇ ಮೇಜಿನ ಮೇಲೆ ಹತ್ತು ಲಕ್ಷ ದಾಟಿದ, ಎಲ್ಲ ಯಂತ್ರಗಳೂ ಸೇರಿದ ಪೂರ್ತಿ ಸಾಲಿನ ಕೊಟೇಶನ್ ಇತ್ತು, ಅದಕ್ಕಾದರೆ ಅರ್ಧ ಸಬ್ಸಿಡಿ ಸಿಗುತ್ತದೆ ಎಂದೂ ಹೇಳಿದರು. ಈ ಯೋಜನೆಯಲ್ಲಿ ಸಬ್ಸಿಡಿ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಇದ್ದು ಮೂರು ವರ್ಷ ಸಾಲ ಸರಿಯಾಗಿ ನಡೆದರೆ ಹೊಂದಾಣಿಕೆ ಆಗುತ್ತದೆ. ಶೇ 10 ನಮ್ಮ ಕೈಯಿಂದ. ರಾಗಿ ಬೀಸಿ ಕೆಜಿಗೆ ಐದು ರೂಪಾಯಿ ಎಣಿಸುವವಳಿಗೆ ಹತ್ತು ಲಕ್ಷದ ಯಂತ್ರ ಯಾಕೆ? ಒಂದೂವರೆ ಲಕ್ಷದೊಳಗೆ ಕಲ್ಲು ತೆಗೆಯುವುದು, ಜರಡಿ, ಹೊಟ್ಟು ಬಿಡಿಸುವುದು ಮೂರೂ ಆಗಬೇಕು. ಅದಕ್ಕಿಂತ ಮೇಲೆ ಹೋದರೆ ಹಳ್ಳಿ ಗಿರಣಿಗೆ ಅದು ಎಟುಕದು.

ಬೆಲೆ ಇಳಿಸುವ ಜಾಗಗಳೂ ಇವೆ. ಇಡೀ ಯಂತ್ರವನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿ ತಂದು ಹೊಳೆಯುವುದನ್ನೇ ತೋರಿಸುತ್ತಾರೆ. ಕಾಳು ತಾಗುವ ಭಾಗಕ್ಕೆ ಸ್ಟೇನ್‌ಲೆಸ್ ಬೇಕೇ ಬೇಕು, ಕಾಲಿಗೆ, ಚೌಕಟ್ಟಿಗೆ, ಮೋಟರಿನ ಪೀಠಕ್ಕೆ ಮಾಮೂಲಿ ಕಬ್ಬಿಣದ ಆಂಗಲ್ ಸಾಕು.

ನಮ್ಮ ಜಿಲ್ಲೆಗೆ ಯಂತ್ರ ಹೊರಗಿನಿಂದಲೇ ಬರಬೇಕೆಂಬ ಹಣೆಬರಹವೇನೂ ಇಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಕಾರ್ಖಾನೆ. ಅದು ಮುಚ್ಚಿ ಎರಡು ದಶಕ ಕಳೆದರೂ ಅಲ್ಲಿ ಪಳಗಿದ ಕೈಗಳು, ಅವರ ಹತ್ತಿರ ಕಲಿತ ಹುಡುಗರು ಹರಿಹರ, ದಾವಣಗೆರೆಯ ಸಣ್ಣ ಶೆಡ್ಡುಗಳಲ್ಲಿ ಇದ್ದಾರೆ. ನನ್ನ ಯಂತ್ರದ ಚಕ್ರ ಮೊದಲು ಬ್ಯಾಲೆನ್ಸ್ ತಪ್ಪಿ ನಡುಗುತ್ತಿತ್ತು, ಬೇರಿಂಗು ಬಿಸಿಯಾಗುತ್ತಿತ್ತು. ಆ ಅಣ್ಣನವರು ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿಯೇ ಯಾವ ರೆಕ್ಕೆ ಭಾರ ಎಂದು ಹೇಳಿ, ಅಲ್ಲಿ ಒಂದಿಷ್ಟು ಉಜ್ಜಿ ಕೊಟ್ಟರು. ಅವರಿಗೆ ಗೊತ್ತಿಲ್ಲದ್ದೂ ಇದೆ. ಕಾಳು ಹೊಡೆಯುವ ಗೋಡೆಗೆ ಒಳಗಡೆ ರಬ್ಬರ್ ಪಟ್ಟಿ ಹಾಕಿದರೆ ನುಚ್ಚು ಕಡಿಮೆಯಾಗುತ್ತದೆ, ಆದರೆ ಅದು ಸವೆಯುತ್ತದೆ. ಸವೆದದ್ದು ಅಕ್ಕಿಗೇ ಸೇರುತ್ತದೆ. ತಿನ್ನುವ ಪದಾರ್ಥಕ್ಕೆ ತಕ್ಕ ರಬ್ಬರ್ ಯಾವುದು, ಎಷ್ಟು ದಪ್ಪ, ಎಷ್ಟು ಕ್ವಿಂಟಲಿಗೊಮ್ಮೆ ಬದಲಿಸಬೇಕು? ಇದನ್ನು ಲೇತ್‌ನವರಾಗಲಿ ನಾನಾಗಲಿ ಹೇಳಲಾರೆವು. ಆಹಾರ ತಂತ್ರಜ್ಞಾನದ ಸಂಶೋಧನೆ ಮಾಡುವ ಮೈಸೂರಿನ ಸಿಎಫ್‌ಟಿಆರ್‌ಐ ಅಂಥ ಸಂಸ್ಥೆಗಳು ಇರುವುದೇ ಇದಕ್ಕೆ. ಯಾವ ಧಾನ್ಯಕ್ಕೆ ಎಷ್ಟು ವೇಗ, ಜರಡಿಯ ತೂತು ಎಷ್ಟು ಮಿಲಿಮೀಟರ್, ರಬ್ಬರ್ ಯಾವುದು ಎಂದು ಕನ್ನಡದಲ್ಲಿ ಒಂದು ಹಾಳೆ, ಜೊತೆಗೆ ಅಳತೆ ಸಮೇತ ನಕ್ಷೆ ಕೊಟ್ಟರೆ ಸಾಕು. ಯಾವ ಲೇತ್‌ನವರಾದರೂ ನೋಡಿ ಮಾಡಬಹುದಾದ ನಕ್ಷೆ, ರಾಯಧನ ಕೇಳದ ನಕ್ಷೆ.

ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿ ಕಾಲೇಜುಗಳ ಮೆಕ್ಯಾನಿಕಲ್ ಹುಡುಗರು ಕೊನೆಯ ವರ್ಷ ಪ್ರಾಜೆಕ್ಟ್ ಮಾಡಲೇಬೇಕು. ಒಂದು ವರ್ಷ ಚಿಕ್ಕ ಕಲ್ಲು ತೆಗೆಯುವ ಯಂತ್ರ ಮಾಡಲಿ. ಮಾಡಿದ್ದನ್ನು ಕಾಲೇಜಿನ ಹಾಲ್‌ನಲ್ಲಿ ಶುದ್ಧ ಮಾಡಿದ ಕಾಳಿನಲ್ಲಿ ಓಡಿಸಿ ಅಂಕ ತೆಗೆದುಕೊಳ್ಳುವುದು ಬೇಡ. ರಸ್ತೆಯಲ್ಲಿ ಒಕ್ಕಿದ ಕಾಳು ನನ್ನ ಗಿರಣಿಯಲ್ಲಿ ಬೇಕಾದಷ್ಟಿದೆ, ಬಂದು ಓಡಿಸಲಿ, ಊಟ ಹಾಕುತ್ತೇನೆ. ಅಜ್ಜಿಯರು ಕೇರಿದ್ದಕ್ಕೂ ಯಂತ್ರ ಕೇರಿದ್ದಕ್ಕೂ ಎಷ್ಟು ಹರಳು ವ್ಯತ್ಯಾಸ ಎಂದು ಅಲ್ಲೇ ಎಣಿಸೋಣ.

ಜಿಲ್ಲಾಡಳಿತಕ್ಕೆ ಮತ್ತು ಕೃಷಿ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಕೇಳುವುದಿಷ್ಟು. ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲೋ ಸ್ಥಳೀಯ ಲೇತ್‌ನವರ ಯಂತ್ರಗಳಿಗೂ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಏರ್ಪಾಡಾಗಲಿ. ಆ ಪರೀಕ್ಷೆ ರೈತ ತಂದ ಇಪ್ಪತ್ತು ಕೆಜಿ ಚೀಲದಲ್ಲೇ ನಡೆಯಲಿ: ಎಷ್ಟು ಅಕ್ಕಿ ಬಂತು, ಎಷ್ಟು ನುಚ್ಚು, ಎಷ್ಟು ಸಿಪ್ಪೆ ಕಾಳು, ಯಂತ್ರದೊಳಗೆ ಎಷ್ಟು ಉಳಿಯಿತು ಎಂದು ತೂಗಿ ಬರೆಯಲಿ. ಸರ್ಟಿಫಿಕೇಟ್ ಸಿಕ್ಕ ಯಂತ್ರ ಎಪ್ಪತ್ತು ಸಾವಿರದ್ದಾಗಲಿ, ಒಂದು ಲಕ್ಷದ್ದಾಗಲಿ, ಸಬ್ಸಿಡಿಯ ಪಟ್ಟಿಗೆ ಸೇರಲಿ. ಕೃಷಿ ಮೇಳದಲ್ಲಿ ಯಂತ್ರ ತೋರಿಸುವ ಕಂಪನಿಗಳಿಗೂ ಇದೇ ನಿಯಮ ಹಾಕಿ. ಅವರು ತಂದ ಕಾಳನ್ನಲ್ಲ, ನೋಡಲು ಬಂದ ರೈತ ಹೊತ್ತು ತಂದ ಕಾಳನ್ನು ಎಲ್ಲರೆದುರು ಓಡಿಸಿ ತೋರಿಸಲಿ. ಮುಂದಿನ ಮೇಳಕ್ಕೆ ನಾನು ಅರ್ಧ ಚೀಲ ಕೊರಲೆ ತರುವವಳಿದ್ದೇನೆ.

ಇತಿ,
ಹಿಟ್ಟಿನ ಗಿರಣಿ ನಡೆಸುವ ಒಬ್ಬ ಓದುಗಳು
ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ